ಗಾಜಿನಲ್ಲಿ ಕಂಡ ಕೈ

ನಮ್ಮ ಯಜಮಾನರಿಗೆ ಇರುವುದು ಜಾಣಕಿವುಡು ಎಂದು ಇಡೀ ಬೀದಿಗೆ ಸಾರಿದವಳು ನಾನೇ. ಎದುರಿಗೆ ನಿಂತು ಊಟಕ್ಕೆ ಕರೆದರೆ ಥಟ್ಟನೆ ಎದ್ದು ಬರುತ್ತಿದ್ದರು. ಬೆನ್ನ ಹಿಂದಿನಿಂದ "ರೀ, ಆ ಬಕೆಟ್ಟು ತುಂಬಿಸಿ" ಎಂದು ಗಂಟಲು ಹರಿಯುವಂತೆ ಕೂಗಿದರೂ ಕಲ್ಲಿನ ಕಂಬ. ಇದಕ್ಕೆ ಬೇರೆ ಏನನ್ನಬೇಕಿತ್ತು, ನೀವೇ ಹೇಳಿ.

ಇಪ್ಪತ್ತೆರಡು ವರ್ಷ ಸೈನ್ಯದಲ್ಲಿ ಫಿರಂಗಿಯ ಪಕ್ಕ ನಿಂತು ಬಂದವರು. ಬೀದಿಯವರು ಇಟ್ಟ ಅಡ್ಡಹೆಸರೂ ಫಿರಂಗಿಯೇ. ನಿವೃತ್ತಿಯಾದ ಮೇಲೆ ಬ್ಯಾಂಕಿನ ಬಾಗಿಲಲ್ಲಿ ಕಾವಲಿಗೆ ನಿಂತರು. ನಿಂತೂ ನಿಂತೂ ಮಂಡಿ ಸವೆದುಹೋಗಿ, ಸಂಜೆ ಮೆಟ್ಟಿಲು ಹತ್ತಬೇಕಾದರೆ ಗೋಡೆ ಹಿಡಿಯಬೇಕಾಗಿತ್ತು. ಬೂಟು ಮಾತ್ರ ಮುಖ ಕಾಣುವಷ್ಟು ಹೊಳೆಯುತ್ತಿರಬೇಕು! ನಾನು ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ತುಳಿಯುವವಳು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುವುದು ನನ್ನ ಚಾಳಿ. "ಅದನ್ನ ತೆಗೆದು ಮಾತಾಡೇ, ನುಂಗಿಬಿಟ್ಟೀಯ" ಎಂದು ದಿನಕ್ಕೆ ಹತ್ತು ಸಲ ಗದರುತ್ತಿದ್ದರು. ಅಷ್ಟಾದರೂ ಕಾಳಜಿ ಇದೆಯಲ್ಲ ಎಂದು ಒಳಗೊಳಗೇ ಬೀಗುತ್ತಿದ್ದೆ.

ಫಿರಂಗಿಯ ಸದ್ದಿಗೆ ಕಿವಿ ಕಳೆದುಕೊಂಡವರಿಗೆ ಸರ್ಕಾರ ಹೆಚ್ಚಿನ ಪಿಂಚಣಿ ಕೊಡುತ್ತದೆ ಎಂದು ನನಗೆ ಹೇಳಿದವಳು ಇವರ ಹಳೆಯ ಜೊತೆಗಾರರೊಬ್ಬರ ಹೆಂಡತಿ. ಅದೊಂದು ಸಿಕ್ಕಿಬಿಟ್ಟರೆ ಇವರು ಆ ಬಾಗಿಲು ಬಿಟ್ಟು ಮನೆಯಲ್ಲಿ ಕಾಲು ಚಾಚಿ ಕೂರಬಹುದು. ನನಗೆ ಬೇಕಾಗಿದ್ದು ಅಷ್ಟೇ. ಜಾಣಕಿವುಡಿನ ಜೊತೆಗೆ ಒಂದು ಕಿವಿ ನಿಜವಾಗಿಯೂ ಸ್ವಲ್ಪ ಮಂದ ಇರಬಹುದು ಎಂಬ ಗುಮಾನಿಯೂ ಇತ್ತು. ಬೇಡ ಬೇಡ ಎನ್ನುತ್ತಿದ್ದವರನ್ನು ದರದರ ಎಳೆದುಕೊಂಡು ಹೋಗಿ ಅರ್ಜಿ ಹಾಕಿಸಿದೆ.

ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆಗೆಂದು ಒಂದು ಪುಟ್ಟ ಕೋಣೆಯಿದೆ, ಗೋಡೆಗೆಲ್ಲ ಮೆತ್ತೆ. ಒಳಗೆ ಕೂತವರ ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಡುತ್ತಾರೆ. ಹೊರಗೆ ಕೂತವರು ಯಂತ್ರದಿಂದ ಸದ್ದು ಬಿಡುತ್ತಾರೆ. ಕೇಳಿಸಿದಾಗಲೆಲ್ಲ ಗುಂಡಿ ಒತ್ತಬೇಕು. ಇಬ್ಬರ ನಡುವೆ ಒಂದು ಗಾಜು. ಮೊದಲನೇ ಸಲ "ಶ್ರವಣಶಕ್ತಿ ಸಹಜವಾಗಿದೆ" ಎಂದು ಬರೆದು ಕಳಿಸಿದರು. ಎರಡನೇ ಸಲ ಡಾಕ್ಟರು ನಕ್ಕೇಬಿಟ್ಟರು.

"ಅಮ್ಮಾ, ನಿಮ್ಮ ಯಜಮಾನರ ಕಿವಿ ಇಪ್ಪತ್ತು ವರ್ಷದವರ ಕಿವಿಗಿಂತ ಚೆನ್ನಾಗಿದೆ. ಒಂದೇ ಒಂದು ಸದ್ದನ್ನೂ ತಪ್ಪಿಸಿಲ್ಲ."

ಮೈಯೆಲ್ಲ ಉರಿದುಹೋಯಿತು. ಹೊರಗೆ ಬಂದರೆ ಈ ಮಹಾನುಭಾವರ ಮುಖದಲ್ಲಿ ಗೆದ್ದ ಕಳೆ. "ಒಂದೂ ತಪ್ಪಿಲ್ಲ ಕಣೇ" ಅಂದರು.

"ತಪ್ಪಬೇಕಿತ್ತು ರೀ!" ಎಂದು ತಲೆ ಚಚ್ಚಿಕೊಂಡೆ.

ಇದರ ನಡುವೆ ಮಗಳ ವಿಷಯ. ನಮಗಿರುವವಳು ಒಬ್ಬಳೇ ಮಗಳು, ಮದುವೆಯಾಗಿ ದೂರದ ಊರಿನಲ್ಲಿದ್ದಾಳೆ. ಹೋದ ವರ್ಷ ಎಂಟು ತಿಂಗಳು ತುಂಬಿದ್ದಾಗ ಆಸ್ಪತ್ರೆಯಿಂದ ಫೋನು ಮಾಡಿದಳು. ನಾನು ನೂಲಿನ ಅಂಗಡಿಗೆ ಹೋಗಿದ್ದೆ. ಮನೆಯಲ್ಲಿದ್ದ ಫೋನಿನ ಪರದೆಯ ಮೇಲೆ ಮಗಳ ಫೋಟೊ ಕಂಡು ಇವರೇ ಎತ್ತಿಕೊಂಡರಂತೆ. ಹೊಟ್ಟೆಯಲ್ಲಿದ್ದ ಕೂಸು ಉಳಿಯಲಿಲ್ಲ ಅಪ್ಪಾ ಎಂದು ಅವಳು ಬಿಕ್ಕಿ ಬಿಕ್ಕಿ ಅತ್ತಳಂತೆ. ಇವರು "ಒಳ್ಳೇದಾಯ್ತು ಮಗಳೇ, ತುಂಬಾ ಸಂತೋಷ. ಅಮ್ಮ ಬರ್ತಿದ್ದ ಹಾಗೆ ಹೇಳ್ತೀನಿ" ಎಂದು ಇಟ್ಟುಬಿಟ್ಟರಂತೆ.

ಅಳಿಯ ನನಗೆ ದಾರಿಯಲ್ಲೇ ಫೋನು ಮಾಡಿದ. ನಾನು ಮನೆಗೂ ಬರದೆ ಹಾಗೇ ಬಸ್ಸು ಹತ್ತಿದೆ. ನಾಲ್ಕು ದಿನ ಬಿಟ್ಟು ವಾಪಸು ಬಂದು ನೋಡಿದರೆ ಮೇಜಿನ ಮೇಲೆ ಹೊಸದೊಂದು ಗಿಲಕಿ! ಅದನ್ನು ಎತ್ತಿ ಬೀದಿಗೆ ಎಸೆದೆ. "ಕೂಸು ಸತ್ತಿದೆ ರೀ" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದೆ. ಇವರು ನೆಲದ ಮೇಲೆ ಕುಸಿದು ಕೂತು ಅತ್ತರು. ಫೋನಿನಲ್ಲಿ ಕೇಳಿದಾಗ ಬಾರದ ಕಣ್ಣೀರು ಈಗ ಎಲ್ಲಿಂದ ಬಂತು, ಎಂಥಾ ನಾಟಕ ಎಂದುಕೊಂಡೆ. ಮಗಳು ಅವತ್ತೇ ಅಪ್ಪನ ಜೊತೆ ಮಾತು ಬಿಟ್ಟಳು. ನಾನು ಯಂತ್ರ ತುಳಿಯುತ್ತಾ, ಇವರಿಗೆ ಬೆನ್ನು ಹಾಕಿಕೊಂಡೇ ತಿಂಗಳುಗಟ್ಟಲೆ ಬೈದೆ. "ನಿಮಗೆ ಕರುಳು ಅನ್ನೋದು ಇದೆಯೇನ್ರೀ?" ಒಂದು ದಿನವೂ ತಿರುಗಿ ಉತ್ತರ ಕೊಡಲಿಲ್ಲ.

ಮೂರನೆಯ ಪರೀಕ್ಷೆಯೇ ಕಡೆಯದು. ಇದರಲ್ಲೂ ತಿರಸ್ಕಾರವಾದರೆ ಮತ್ತೆ ಅರ್ಜಿ ಹಾಕುವ ಹಾಗಿಲ್ಲ. ಆದರೆ ಈ ಸಲ ಯಂತ್ರದ ಮುಂದೆ ಹೊಸಬಳೊಬ್ಬಳು ಕೂತಿದ್ದಳು. ಕಿಟಕಿಯ ಬಿಸಿಲು ಗಾಜಿಗೆ ಹೊಡೆದು ಕಣ್ಣು ಕುಕ್ಕುತ್ತದೆಂದು ಆ ನಡುವಿನ ಗಾಜಿಗೆ ಹಳೆಯ ಪೇಪರು ಅಂಟಿಸಿಕೊಂಡಿದ್ದಳು. ನನ್ನನ್ನೂ ಪಕ್ಕದಲ್ಲೇ ಕೂರಿಸಿಕೊಂಡಳು.

ಸದ್ದು ಬಿಟ್ಟಳು. ದೀಪ ಹತ್ತಲಿಲ್ಲ, ಅಂದರೆ ಒಳಗೆ ಗುಂಡಿ ಒತ್ತಿಲ್ಲ. ಇನ್ನಷ್ಟು ಜೋರು ಮಾಡಿದಳು. ಇಲ್ಲ. ಯಂತ್ರವೇ ಕೆಟ್ಟಿದೆಯೇನೋ ಎಂದು ಅಲ್ಲಿದ್ದ ಇನ್ನೊಂದು ಹೆಡ್‌ಫೋನನ್ನು ನನ್ನ ಕಿವಿಗೆ ಹಿಡಿದಳು. ಅಯ್ಯಯ್ಯೋ! ಕಿವಿಗೆ ಕಾದ ಕಂಬಿ ತೂರಿಸಿದ ಹಾಗಾಗಿ ಕಿತ್ತೆಸೆದೆ. ಅದೇ ಸದ್ದು ಒಳಗೂ ಹೋಗುತ್ತಿತ್ತು. ಶಭಾಷ್, ಕೊನೆಗೂ ಬುದ್ಧಿ ಬಂತು, ಬೇಕೆಂದೇ ಒತ್ತುತ್ತಿಲ್ಲ ಎಂದು ಒಂದು ಕ್ಷಣ ಖುಷಿಪಟ್ಟೆ. ದೇವರಾಣೆ, ಖುಷಿಪಟ್ಟೆ.

ಅವಳು ಎದ್ದು ಮೆಲ್ಲಗೆ ಬಾಗಿಲು ತೆರೆದಳು. ಇವರು ಬಾಗಿಲಿಗೆ ಬೆನ್ನು ಹಾಕಿ, ಗಾಜಿನ ಕಡೆಗೆ ಮುಖ ಮಾಡಿ ಸೆಟೆದು ಕೂತಿದ್ದರು. ಕಣ್ಣು ಆ ಪೇಪರಿನ ಮೇಲೆ ನೆಟ್ಟಿತ್ತು, ಹೆಬ್ಬೆರಳು ಗುಂಡಿಯ ಮೇಲೆ ಕಾಯುತ್ತಿತ್ತು, ಕತ್ತಿನಿಂದ ಬೆವರು ಇಳಿಯುತ್ತಿತ್ತು. ಅವಳು ಹಿಂದಿನಿಂದ ಹೋಗಿ ಹೆಡ್‌ಫೋನ್ ತೆಗೆದು, ತಲೆಯ ಹಿಂದೆಯೇ ಕಿರುಚಿದಳು. "ಸಾರ್, ನಿಮ್ಮ ಮನೆಗೆ ಬೆಂಕಿ ಬಿದ್ದಿದೆ!"

ನಾನು ಬೆಚ್ಚಿಬಿದ್ದೆ. ಇವರ ಒಂದು ಕೂದಲೂ ಅಲುಗಲಿಲ್ಲ.

ಅವಳು ಎದುರಿಗೆ ಹೋಗಿ ಕೇಳಿದಳು. "ಸಾರ್, ಹೋದ ಸಲ ಹೇಗೆ ಒತ್ತಿದ್ರಿ?"

ಇವರು ಕಳ್ಳನ ಹಾಗೆ ತಲೆ ತಗ್ಗಿಸಿದರು. ಬಲಗೈಯನ್ನು ಮೇಲಕ್ಕೆತ್ತಿ ಕೆಳಕ್ಕೆ ಬಿಟ್ಟು ತೋರಿಸಿದರು.

"ಫಿರಂಗಿ ಹತ್ರ ಆರ್ಡರ್ರು ಯಾರಿಗೆ ಕೇಳಿಸುತ್ತೆ ತಾಯೀ? ನಮ್ಮ ನಾಯಕನ ಕೈ ನೋಡ್ತಿದ್ವಿ. ಕೈ ಕೆಳಗೆ ಬಿತ್ತು ಅಂದ್ರೆ ಗುಂಡು ಹಾರಿಸೋದು. ಇಲ್ಲೂ ಆ ಗಾಜಲ್ಲಿ ಯಂತ್ರದ ಮುಂದೆ ಕೂತವರ ಕೈ ಆಡೋದು ಕಾಣ್ತಿತ್ತು. ಇವತ್ತು ಏನೂ ಕಾಣ್ಲಿಲ್ಲ. ಫೇಲಾಗಿಬಿಟ್ಟೆ."

"ಎಷ್ಟು ವರ್ಷದಿಂದ ಹೀಗೆ?"

"ಪೂರ್ತಿ ಹೋಗಿ ಹದಿನಾರು ವರ್ಷ. ತುಟಿ ನೋಡಿ ತಿಳ್ಕೋತೀನಿ. ಬ್ಯಾಂಕಲ್ಲಿ ಎಲ್ಲರೂ ಎದುರಿಗೇ ಬರ್ತಾರಲ್ಲ, ನಡೆದುಹೋಗುತ್ತೆ. ಗೊತ್ತಾದ್ರೆ ಕೆಲಸದಿಂದ ತೆಗೀತಾರೆ ಅಂತ ಯಾರಿಗೂ ಹೇಳ್ಲಿಲ್ಲ." ನನ್ನ ಕಡೆ ನೋಡಿ ಪೆಚ್ಚುನಗೆ ನಕ್ಕರು. "ಇವಳಿಗೆ ಹೇಳಿದ್ರೆ ಬೀದಿಗೆಲ್ಲ ಹೇಳಿದ ಹಾಗೆ."

ಹದಿನಾರು ವರ್ಷ! ಒಂದೇ ಸೂರಿನ ಕೆಳಗೆ, ಒಂದೇ ಹಾಸಿಗೆಯ ಮೇಲೆ. ಗುಂಡುಸೂಜಿ ತೆಗೆ ತೆಗೆ ಎಂದದ್ದು ಯಾಕೆಂದು ಆಗ ಹೊಳೆಯಿತು. ನಾನೆಂಥ ಹೆಂಗಸು!

ಡಾಕ್ಟರು ಬಂದರು, ಪರೀಕ್ಷೆ ಮತ್ತೆ ಮಾಡಿಸಿದರು. ನರವೇ ಸತ್ತಿದೆ, ಕಿವಿಗೆ ಯಂತ್ರ ಹಾಕಿದರೂ ಪ್ರಯೋಜನವಿಲ್ಲ ಅಂದರು. ಪೂರ್ಣ ಕಿವುಡು ಎಂದು ಬರೆದು ಮೊಹರು ಒತ್ತಿ ಕೊಟ್ಟರು. ನಾಲ್ಕು ವರ್ಷದಿಂದ ಬೇಕು ಬೇಕು ಎಂದು ಅಲೆದ ಕಾಗದವನ್ನು ಮಡಿಲಲ್ಲಿಟ್ಟುಕೊಂಡು ಹೊರಗಿನ ಬೆಂಚಿನ ಮೇಲೆ ಕೂತೆ.

ಇವರು ನನ್ನ ಪಕ್ಕ ಕೂರಲಿಲ್ಲ. ಇನ್ನೊಂದು ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು.

"ಒಂದು ಕೇಳ್ತೀನಿ, ಬೈಬೇಡ. ಅವತ್ತು ಮಗಳು ಫೋನು ಮಾಡಿದಾಗ ಹೆರಿಗೆ ಆಯ್ತು ಅಂತಿದಾಳೆ ಅಂದ್ಕೊಂಡೆ. ಅದಕ್ಕೇ ಸಂತೋಷ ಅಂದೆ. ಆಮೇಲೆ ಅವಳು ನನ್ನ ಮುಖಾನೇ ನೋಡ್ಲಿಲ್ಲ. ಅವತ್ತು ಅವಳು ನಿಜವಾಗ್ಲೂ ಏನಂದ್ಲೇ?"

ಕಣ್ಣು ನನ್ನ ತುಟಿಯ ಮೇಲಿತ್ತು. ಮುಖ ತಿರುಗಿಸುವಂತಿರಲಿಲ್ಲ. ಅವಳು ಅಂದದ್ದನ್ನೆಲ್ಲ ಒಂದೊಂದೇ ಮಾತಾಗಿ, ನಿಧಾನಕ್ಕೆ ಹೇಳಿದೆ.

ಇವರು ಅಂಗೈಯಿಂದ ಕಣ್ಣೊರೆಸಿಕೊಂಡು ಇನ್ನೂ ಹತ್ತಿರಕ್ಕೆ ಬಾಗಿದರು.

"ಕಣ್ಣು ಮಂಜಾಗಿ ಕಾಣ್ಲಿಲ್ಲ ಕಣೇ. ಇನ್ನೊಂದ್ಸಲ ಹೇಳು."