ಆರನೇ ಟೀ ಶರ್ಟಿಗೆ ಏನು ಹಾಕಲಿ?

ಪ್ರಿಂಟಿಂಗ್ ಅಂಗಡಿಯ ಪರ್ವೀನ್ ಆಪಾ ಹೇಳಿದ್ದನ್ನು ಕೇಳಿದ್ದರೆ ಕೆಲಸ ಒಂದು ಕಪ್ ಚಹಾದಲ್ಲಿ ಮುಗಿಯುತ್ತಿತ್ತು. ಆರು ಟೀ ಶರ್ಟ್, ಎಲ್ಲಕ್ಕೂ ಒಂದೇ ಬರಹ, ನಡಿ ಮನೆಗೆ. ಆದರೆ ನಾನು ಜಾಣತನ ತೋರಿಸಬೇಕಿತ್ತಲ್ಲ? ತೋರಿಸಿದೆ. ತಪ್ಪು ನೂರಕ್ಕೆ ನೂರು ನನ್ನದೇ.

ಮಾನ್ವಿಯಲ್ಲಿ ಗೆಳೆಯ ಶರಣನ ಮದುವೆ. ಕಾಲೇಜಿನ ದಿನಗಳಲ್ಲಿ ರಾಯಚೂರಿನ ಒಂದೇ ರೂಮಿನಲ್ಲಿ ಆರು ಜನ ಇದ್ದೆವು. ಈಗ ಶರಣ ಮಾನ್ವಿಯಲ್ಲಿ, ಹನುಮೇಶ ದೇವದುರ್ಗದಲ್ಲಿ, ಉಳಿದ ಮೂವರು ಕವಿತಾಳ, ಪೋತ್ನಾಳ, ಗಬ್ಬೂರು ಅಂತ ಹಂಚಿಹೋಗಿದ್ದಾರೆ. ದೂರವೇನಲ್ಲ. ಬೆಳಿಗ್ಗೆ ಬಸ್ ಹತ್ತಿದರೆ ಸಂಜೆಗೆ ವಾಪಸ್ ಬರಬಹುದು. (ಯಾರೂ ಹತ್ತಿಲ್ಲ. ನಾನೂ ಹತ್ತಿಲ್ಲ.) ರೂಮಿನಲ್ಲಿ ಉಳಿದವನು ನಾನೊಬ್ಬನೇ.

ಒಬ್ಬನೇ ಎಂದರೆ ಕೆಳಗಿನ ಮನೆಯ ಓನರ್ ಅಮ್ಮ ಒಪ್ಪುವುದಿಲ್ಲ. ಮಿಮಿಕ್ರಿ ನನ್ನ ಚಟ. ಸಂಜೆ ಅನ್ನಕ್ಕಿಟ್ಟು ಶರಣನ ದನಿಯಲ್ಲಿ ಬೈಯುತ್ತೇನೆ, ಹನುಮೇಶನ ದನಿಯಲ್ಲಿ ತಿರುಗಿ ಉತ್ತರ ಕೊಡುತ್ತೇನೆ. ದಿನಾ ಇಷ್ಟು ಮಂದಿ ಬಂದರೆ ನೀರು ಸಾಲುವುದಿಲ್ಲ ಎಂದು ಆಕೆ ಮೊನ್ನೆ ಗದರಿದರು. ಯಾರೂ ಬಂದಿರಲಿಲ್ಲ ಎನ್ನಲು ನಾಚಿಕೆಯಾಯಿತು. ಇನ್ನು ಕಡಿಮೆ ಮಾಡುತ್ತೇನೆ ಎಂದೆ.

ಇರಲಿ, ಟೀ ಶರ್ಟಿಗೆ ಬರೋಣ. ಅರಿಶಿನದ ದಿನ ಆರೂ ಜನ ಹಾಕಿಕೊಂಡು ಫೋಟೋ ತೆಗೆಸಿಕೊಳ್ಳಬೇಕು ಎಂಬುದು ನನ್ನದೇ ಐಡಿಯಾ. ಆಪಾ ಎರಡು ಅಂಗಿ ಮುಂದಿಟ್ಟರು. ಒಂದು ಸ್ಕ್ರೀನ್ ಪ್ರಿಂಟ್. ಒಂದೇ ಚೌಕಟ್ಟು, ಎಲ್ಲರಿಗೂ ಒಂದೇ ಬರಹ. ಬಣ್ಣ ಬಟ್ಟೆಯೊಳಗೆ ಇಳಿಯುತ್ತದೆ, ಒಗೆದರೂ ಹೋಗದು. ಇನ್ನೊಂದು ಹೀಟ್ ಪ್ರೆಸ್. ಒಬ್ಬೊಬ್ಬರಿಗೆ ಒಂದೊಂದು ಬರಹ ಹಾಕಬಹುದು, ಆದರೆ ಅದು ಬಟ್ಟೆಯ ಮೇಲೆ ಸುಮ್ಮನೆ ಕೂತಿರುತ್ತದೆ, ಒಗೆದಂತೆಲ್ಲ ಬಿರುಕು.

"ಸ್ಕ್ರೀನ್ ಹಾಕಿಸು ತಮ್ಮಾ, ಗಟ್ಟಿ ಇರ್ತದ," ಎಂದರು.

ನಾನು ಕೇಳುವ ಆಸಾಮಿಯೇ? ಒಬ್ಬೊಬ್ಬನ ಎದೆಯ ಮೇಲೆ ಅವನದೇ ಮಾತು ಬರಬೇಕು ಎಂದೆ. ಅವರವರ ದನಿಯಲ್ಲೇ ಬರೆಸುತ್ತ ಹೋದೆ. ಎಲ್ಲಿಗೂ ಹೊತ್ತಿಗೆ ಸರಿಯಾಗಿ ಬಾರದ ಶರಣನದು, "ಹತ್ತೇ ನಿಮಿಷದಾಗ ಬಂದೆಪಾ." ಎಲ್ಲರ ತಟ್ಟೆಗೂ ಕೈ ಹಾಕುವ ಹನುಮೇಶನದು, "ನನಗೇನ್ ಹಸಿವಿಲ್ಲಲೇ." ಐದೂ ಮುಗಿಯುವಷ್ಟರಲ್ಲಿ ಆಪಾ ನಕ್ಕು ನಕ್ಕು ಮೌಸ್ ಕೈಬಿಟ್ಟಿದ್ದರು.

ಕಣ್ಣೊರೆಸಿಕೊಂಡು ಕೇಳಿದರು. "ನಿಂದಕ್ಕ ಏನ್ ಹಾಕ್ಲಿ?"

ನನ್ನದಕ್ಕೆ?

ಬಾಯಿ ತೆರೆದೆ, ಹನುಮೇಶ ಬಂದ. ಮುಚ್ಚಿ ಮತ್ತೆ ತೆರೆದೆ, ಶರಣ ಬಂದ. ಕೊನೆಗೆ ಶರಣನಿಗೇ ಫೋನ್ ಮಾಡಿ, ನಾನು ಯಾವಾಗಲೂ ಹೇಳುವ ಮಾತು ಯಾವುದೋ ಎಂದು ಕೇಳಿದೆ. ಒಂದು ಹೇಳಿದ, ಅದು ಗಬ್ಬೂರಿನವನದು. ಇನ್ನೊಂದು ಹೇಳಿದ, ಅದು ನಮ್ಮ ಪ್ರಿನ್ಸಿಪಾಲರದು. ಒಂದೇ ಚಾಪೆಯ ಮೇಲೆ ವರ್ಷಗಟ್ಟಲೆ ಮಲಗಿದವನು. ಯೋಚಿಸಿ ಹತ್ತು ನಿಮಿಷದಲ್ಲಿ ಹೇಳುತ್ತೇನೆ ಎಂದು ಫೋನಿಟ್ಟ. (ಅವನ ಹತ್ತು ನಿಮಿಷ ಈಗ ನಿಮಗೂ ಗೊತ್ತು.)

ಕಾದೆ. ಅಷ್ಟರಲ್ಲಿ ಐದು ಅಂಗಿ ಪ್ರೆಸ್ ಆಗಿ ಸಾಲಾಗಿ ಮಲಗಿದವು, ಥೇಟ್ ನಮ್ಮ ರೂಮಿನ ಹಾಗೆ. ಆರನೆಯದು ಮಾತ್ರ ಟೇಬಲ್ ಮೇಲೆ ಬರಿದಾಗಿ ಬಿದ್ದಿತ್ತು. ನನಗೇ ತೋಚುತ್ತಿಲ್ಲ ಆಪಾ ಎಂದು ಒಪ್ಪಿಕೊಂಡಿದ್ದರೆ ಸಾಕಿತ್ತು. ಅದರ ಬದಲು ಏನು ಮಾಡಿದೆ? ಆಪಾ ಅವರದೇ ದನಿಯಲ್ಲಿ, ಅವರದೇ ರಾಗದಲ್ಲಿ, "ಸ್ಕ್ರೀನ್ ಹಾಕಿಸು ತಮ್ಮಾ, ಗಟ್ಟಿ ಇರ್ತದ" ಎಂದೆ.

ಈ ಸಲ ಅವರು ನಗಲಿಲ್ಲ. ಬರಿ ಅಂಗಿಯನ್ನು ಮಡಚಿ ನನ್ನ ಕೈಗಿಟ್ಟರು.

"ಐದು ಮಂದಿ ಬಂದು ತಂತಮ್ಮ ಮಾತು ಹೇಳಿ ಹೋದ್ರು. ಈ ಅಂಗಿಯವ ಬಂದ ಮ್ಯಾಲ ಮಷೀನ್ ಹಚ್ತೀನಿ."