ಬಳೆಗಾರ ಆಪಾ ಮತ್ತು ಆಕಾಶದ ಹಡಗು

ಬಳೆಗಾರ ಆಪಾಳ ಬಲಗೈ ಹೆಬ್ಬೆರಳಿನ ತುಂಬ ಒಡೆದ ಗಾಜಿನ ಸಣ್ಣ ಸಣ್ಣ ಗೀರುಗಳಿದ್ದವು. ಆದರೆ ಆ ಕೈ ನಮ್ಮ ಕೈ ಹಿಡಿದರೆ ಹತ್ತಿ ಮುಟ್ಟಿದಂತಿರುತ್ತಿತ್ತು. ಏನೋ ಮಾತಾಡಿಸುತ್ತ ಅಂಗೈಯನ್ನು ಎಲುಬೇ ಇಲ್ಲದ ಹಾಗೆ ಮಡಚಿ, ನಮಗೆ ತಿಳಿಯುವುದರೊಳಗೆ ಡಜನ್ ಬಳೆ ಏರಿಸಿಬಿಡುತ್ತಿದ್ದಳು. ನೋವಾಯಿತೆಂದರೆ, "ಕೈ ಬಿಗಿ ಹಿಡೀಬ್ಯಾಡ್ರಿ, ಬಳಿ ಒಡೀತಾವ. ನನಗೇನು, ಇನ್ನೊಂದು ಡಜನ್ ಮಾರ್ತೀನಿ" ಎಂದು ನಗುತ್ತಿದ್ದಳು.

ಜಹೀರಾಬಾದಿನ ನಮ್ಮ ಓಣಿಯಲ್ಲಿ ಆಕೆಯದು ನಮ್ಮಿಂದ ನಾಲ್ಕನೆಯ ಮನೆ. ಆಪಾ ಎಂದರೂ ಅಕ್ಕನೇ. ನಾನು ಆಕೆಯನ್ನು ಆಪಾ ಎನ್ನುತ್ತಿದ್ದೆ, ಆಕೆ ನನ್ನನ್ನು ಅಕ್ಕಾ ಎನ್ನುತ್ತಿದ್ದಳು. ಯಾರು ದೊಡ್ಡವರೆಂದು ಇಬ್ಬರಿಗೂ ಗೊತ್ತಿರಲಿಲ್ಲ.

ಮೊಮ್ಮಕ್ಕಳೇ, ನಿಮ್ಮ ಮುತ್ಯಾ ತೀರಿಕೊಂಡ ಮೇಲೆ ಆಪಾ ನನ್ನ ಕೈ ಹಿಡಿಯುವ ಹಾಗಿರಲಿಲ್ಲ. ನಮ್ಮವರಲ್ಲಿ ಗಂಡ ಇಲ್ಲದವಳು ಗಾಜಿನ ಬಳೆ ತೊಡುವುದಿಲ್ಲ. ನಾನು ಹೊರಗೆ ಬರುವುದನ್ನೇ ಬಿಟ್ಟಿದ್ದೆ. ಒಂದು ಭಾನುವಾರ ಮಧ್ಯಾಹ್ನ ಆಕೆಯೇ ಬಾಗಿಲಿಗೆ ಬಂದು, "ಆಕಾಶದಾಗ ಹಡಗ ಹೊಂಟದ, ಬರ್ರಿ ನೋಡಾಕ" ಎಂದು ಕರೆದಳು.

ಅದು ಟಿವಿಯಲ್ಲಿ ವಾರಕ್ಕೊಮ್ಮೆ ಬರುವ ಹಿಂದಿ ಧಾರಾವಾಹಿ. ಒಬ್ಬ ಹೆಣ್ಣುಮಗಳು ಹಡಗಿನಲ್ಲಿ ಕುಳಿತು ಯಾವುದೋ ನಕ್ಷತ್ರಕ್ಕೆ ಹೋಗುತ್ತಾಳೆ. ಹಳ್ಳಿಯ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ ಓದಿದ ನನಗೆ ಸಂತೆಯ ಮಾತು ತಿಳಿಯುತ್ತಿತ್ತೇ ಹೊರತು ಆ ವಿಜ್ಞಾನಿಗಳ ಹಿಂದಿ ತಿಳಿಯುತ್ತಿರಲಿಲ್ಲ. ಆಪಾ ಪ್ರತಿಯೊಂದನ್ನೂ ಕನ್ನಡದಲ್ಲಿ ಹೇಳುತ್ತಿದ್ದಳು. ಅರ್ಧ ಆಕೆಯೇ ಹುಟ್ಟಿಸಿದ್ದೆಂದು ನನಗೆ ಈಗಲೂ ಗುಮಾನಿ. ಹಡಗಿನ ಹೆಂಗಸರನ್ನು ನೋಡಿ ಆಕೆಗೆ ಒಂದೇ ಬೇಜಾರು: "ಒಬ್ಬಾಕಿ ಕೈಯಾಗನೂ ಬಳಿ ಇಲ್ಲ ನೋಡ್ರಿ. ಆ ಊರಾಗ ನನ್ನ ದಂಧಾ ನಡೆಯಂಗಿಲ್ಲ!"

ನನಗೆ ಬೇರೆಯದೇ ಅನ್ನಿಸುತ್ತಿತ್ತು. ಆ ಹಡಗಿನಲ್ಲಿ ಯಾರಿಗೆ ಗಂಡ ಇದ್ದಾನೆ, ಯಾರಿಗೆ ಇಲ್ಲ ಎಂದು ಕೈ ನೋಡಿ ಹೇಳಲು ಬರುವುದಿಲ್ಲ. ಅದನ್ನು ಆಪಾಳಿಗೆ ಹೇಳಿದೆ. ಪಕ್ಕದಲ್ಲೇ ಬಳೆಯ ಪೆಟ್ಟಿಗೆ ತೆರೆದಿತ್ತು. ನಾನು ಕೈ ಮುಂದೆ ಮಾಡಿ, "ಒಂದು ತಾಸಿನ ಮಟ್ಟಿಗೆ ಇಡು ಆಪಾ, ಹಸಿರವು" ಎಂದೆ.

ಆಪಾ ಎದ್ದು ಹೋಗಿ ಬಾಗಿಲ ಅಗಳಿ ಹಾಕಿ ಬಂದಳು. "ಬಸ್, ನಮ್ಮ ಹಡಗನೂ ಹಾರಿತು. ಇಲ್ಲಿ ಯಾರ್ ಬರ್ತಾರ?" ಎಂದಳು. ಅಂದಿನಿಂದ ಪ್ರತಿ ಭಾನುವಾರ ಧಾರಾವಾಹಿ ಮುಗಿಯುವ ತನಕ ನನ್ನ ಕೈಯಲ್ಲಿ ಬಳೆಗಳಿರುತ್ತಿದ್ದವು. ಮುಗಿದ ಮೇಲೆ ಒಂದೂ ಒಡೆಯದಂತೆ ಬಿಚ್ಚಿಕೊಡುತ್ತಿದ್ದಳು.

ಧಾರಾವಾಹಿಯ ಮೊದಲ ಭಾಗ ಮುಗಿದ ಕೆಲವು ದಿನಗಳಿಗೆ ನನ್ನ ಸೊಸೆಯ, ಅಂದರೆ ನಿಮ್ಮ ಅವ್ವನ, ಕುಬಸ. ನಿಮ್ಮಲ್ಲಿ ಹಿರಿಯವಳು ಆಗ ಹೊಟ್ಟೆಯಲ್ಲಿದ್ದಳು. ಬಸುರಿಗೆ ಬಳೆ ಇಡಿಸುವ ದಿನ, ಮನೆ ತುಂಬ ಬೀಗರು. ಆಪಾ ನಡುಮನೆಯಲ್ಲಿ ಪೆಟ್ಟಿಗೆ ಬಿಚ್ಚಿ ಕುಳಿತಿದ್ದಳು, ನಾನು ಅಡುಗೆಮನೆಯ ಬಾಗಿಲ ಹಿಂದೆ. ನಾರಾಯಣಖೇಡದಿಂದ ಬಂದಿದ್ದ ನನ್ನ ನಾದಿನಿಯ ಕೈಗೆ ಬಳೆ ಏರಲೊಲ್ಲದು.

"ಏನ್ ಕೈರಿ ಇದು, ಕಟಿಗಿ ಆಗ್ಯದ!" ಎಂದು ಆಪಾ ಚೇಷ್ಟೆ ಮಾಡಿದಳು. "ನಮ್ಮ ಅಕ್ಕಾರ ಕೈ ನೋಡ್ರಿ, ಇನ್ನಾ ಬೆಣ್ಣಿ. ಹೋದ ವಾರ ಇಟ್ಟಾಗ..."

ಬಾಯಿ ಜಾರಿದ್ದು ಆಕೆಗೂ ಗೊತ್ತಾಯಿತು.

"ಯಾವ ಅಕ್ಕಾ? ಗಂಡ ಸತ್ತಾಕಿ ಕೈಗೆ ಬಳಿ ಇಟ್ಟೀಯೇನ್?" ನಾದಿನಿ ನನ್ನ ಕಡೆ ತಿರುಗಿದಳು. "ಏನ್ರಿ ವೈನಿ, ಖರೇನಾ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಹುಟ್ಟಿದಾಗಿನಿಂದ ನಾಲ್ಕು ಜನರ ಮುಂದೆ ಬಾಯಿ ತೆರೆಯದ ನನಗೆ ಅಂದು ಮಾತು ಎಷ್ಟು ಬೇಗ ಬಂದಿತು! "ನಾ ಬ್ಯಾಡ ಬ್ಯಾಡ ಅಂದೆ. ಅಕಿನೇ ಜುಲುಮಿ ಮಾಡಿ ಇಟ್ಟಳು" ಎಂದೆ.

ಆಪಾ ನನ್ನ ಮುಖ ನೋಡಿದಳು. ಆಮೇಲೆ ನಾದಿನಿಗೆ, "ಹೌದ್ರಿ, ಅವರು ಬ್ಯಾಡ ಅಂದರು. ನಂದೇ ತಪ್ಪದ" ಎಂದು ಪೆಟ್ಟಿಗೆ ಮುಚ್ಚಿದಳು. ಬಸುರಿಯ ಎಡಗೈಗೆ ಇನ್ನೂ ಬಳೆ ಇಟ್ಟಿರಲಿಲ್ಲ. ಬೇರೆ ಬಳೆಗಾರ್ತಿಯನ್ನು ಕರೆಸಿದರು. ಆಮೇಲೆ ನಮ್ಮ ಓಣಿಯ ಯಾವ ಮನೆಯವರೂ ಆಕೆಯನ್ನು ಶುಭಕಾರ್ಯಕ್ಕೆ ಕರೆಯಲಿಲ್ಲ. ಆ ವಯಸ್ಸಿನಲ್ಲಿ ಆಕೆ ಪೆಟ್ಟಿಗೆ ಹೊತ್ತು ಆಟೊ ಹತ್ತಿ ನ್ಯಾಲ್ಕಲ್ ಕಡೆಯ ಹಳ್ಳಿಗಳಿಗೆ ಹೋಗುವುದನ್ನು ನಾನು ಕಿಟಕಿಯಿಂದ ನೋಡುತ್ತಿದ್ದೆ. ಆಕೆ ಇತ್ತ ನೋಡಿದರೆ ಪರದೆ ಇಳಿಬಿಡುತ್ತಿದ್ದೆ.

ಎರಡು ವರ್ಷದ ಮೇಲೆ ಧಾರಾವಾಹಿಯ ಎರಡನೆಯ ಭಾಗ ಬರುವುದೆಂದು ಟಿವಿಯಲ್ಲಿ ತೋರಿಸಿದರು. ಮೊದಲ ಭಾನುವಾರ ಹೇಗೋ ಧೈರ್ಯ ಮಾಡಿ ಆಕೆಯ ಬಾಗಿಲಲ್ಲಿ ನಿಂತೆ. ಆಪಾ ಟಿವಿಯಿಂದ ಕಣ್ಣು ತೆಗೆಯದೆ ಚಾಪೆಯ ಮೇಲೆ ಸರಿದು ಕುಳಿತಳು. "ಬರ್ರಿ, ಶುರು ಆಗ್ಯದ. ಅಕಿ ವಾಪಸ್ ಬಂದಾಳ, ಮನ್ಯಾಗ ಯಾರೂ ಗುರುತು ಹಿಡೀವಲ್ಲರು."

ಮೊದಲಿನಂತೆಯೇ ಮಾತುಮಾತಿಗೂ ಕನ್ನಡ ಮಾಡಿ ಹೇಳಿದಳು. ಬಾಗಿಲು ಮಾತ್ರ ತೆರೆದೇ ಇತ್ತು. ನಾನೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದೆ. ಮೂರನೆಯ ವಾರ ಜಾಹೀರಾತು ಬಂದಾಗ, "ಆಪಾ, ಆವತ್ತ ನಾ..." ಎಂದೆ.

"ಚಹಾ ಆರ್ತದ, ಕುಡೀರಿ" ಎಂದಳು. ನಾನು ಕುಡಿದೆ. ಆಕೆ ತಡೆದಳೆಂದು ಹೇಳಲಾರೆ. ಇನ್ನೊಮ್ಮೆ ಬಾಯಿ ತೆರೆದಿದ್ದರೆ ಕೇಳುತ್ತಿದ್ದಳು. ಮುಂದಿನ ವಾರ ಹೇಳೋಣವೆಂದು ಎದ್ದು ಬಂದೆ, ಅದರ ಮುಂದಿನ ವಾರವೂ ಹಾಗೆಯೇ ಬಂದೆ.

ಆರನೆಯ ಭಾನುವಾರಕ್ಕೆ ಮೊದಲೇ ಆಕೆ ಜ್ವರದಲ್ಲಿ ತೀರಿಕೊಂಡಳು. ಅಳುವ ಹೆಂಗಸರ ಹಿಂದೆ ಹೋಗಿ ನಿಂತೆ. ಆಕೆಯ ಸೊಸೆ ನನಗೆ ಜಾಗ ಮಾಡಿಕೊಟ್ಟು, "ಅಮ್ಮಿ ಇವರ ಸಲುವಾಗಿನೇ ಟಿವಿ ಹಚ್ತಿದ್ದರು" ಎಂದು ಉಳಿದವರಿಗೆ ಹೇಳಿದಳು. ನನಗೆ ಅಳಲೂ ಮುಖವಿರಲಿಲ್ಲ.

ಇಂದಿಗೂ ಮನೆಯಲ್ಲಿ ಬಳೆಯ ಮಾತು ಬಂದರೆ ನಿಮ್ಮ ಅವ್ವ, "ಆ ಬಳೆಗಾರ್ತಿ ನಮ್ಮ ಅತ್ತಿಯವರಿಗೆ ಜುಲುಮಿ ಮಾಡಿ ಬಳಿ ಇಟ್ಟಿದ್ದಳು" ಎನ್ನುತ್ತಾಳೆ. ನಾನು ಸುಮ್ಮನೆ ಕೇಳುತ್ತೇನೆ. ನೀವು ತೆಲುಗು ಶಾಲೆಯ ಮಕ್ಕಳು, ಕನ್ನಡ ಅಕ್ಷರ ನಾನೇ ಕಲಿಸಿದ್ದು. ನಾನು ಬರೆದ ಇದನ್ನು ನಿಮ್ಮ ಅವ್ವನ ಮುಂದೆ ಗಟ್ಟಿಯಾಗಿ ಓದಿರಿ. ಓದುವಾಗ ನಾನೂ ಅಲ್ಲೇ ಕುಳಿತಿರುತ್ತೇನೆ. ನಾನು ಎದ್ದು ಹೋಗಲು ನೋಡಿದರೆ ಬಿಡಬೇಡಿರಿ.