ಮುಳ್ಳುಗುರಾಣಿಯ ಪರೀಕ್ಷೆ

ನನ್ನ ತಂಗಿಯ ಗಂಡನಿಗೆ ಹೆತ್ತವರು ಇಟ್ಟ ಹೆಸರೊಂದಿದೆ; ಅದು ಈಗ ಬ್ಯಾಂಕಿನವರಿಗೆ ಮಾತ್ರ ಗೊತ್ತು. ಉಳಿದವರಿಗೆಲ್ಲ ಅವನು ಜೋಪಾನ. ಮೆಟ್ಟಿಲು ಇಳಿಯುವವರಿಗೆ, ಬಿಸಿ ಲೋಟ ಹಿಡಿದವರಿಗೆ, ಸುಮ್ಮನೆ ಕೂತ ನನಗೂ ದಿನವಿಡೀ ಅವನು ಹೇಳುವುದು ಅದೊಂದೇ ಮಾತು. ಕೆಲಸವೂ ಗುಣಕ್ಕೆ ತಕ್ಕಂತೆ ಒದಗಿಬಂತು: ಗಾಜಿನ ಸಾಮಾನಿನ ಗೋದಾಮಿನಲ್ಲಿ ಪ್ಯಾಕಿಂಗ್ ಮೇಸ್ತ್ರಿ. ಹೊಸ ಬಗೆಯ ರಟ್ಟಿನ ಡಬ್ಬ ಬಂದರೆ ಒಳಗೊಂದು ಹೂದಾನಿ ಇಟ್ಟು, ಸೊಂಟದೆತ್ತರದಿಂದ ಬೀಳಿಸಿ, ಹೆಗಲೆತ್ತರದಿಂದ ಬೀಳಿಸಿ, ಕೊನೆಗೆ ಕಾಲಲ್ಲೊಮ್ಮೆ ಒದ್ದು, ಬಗ್ಗಿ ಕಿವಿಗೊಡುತ್ತಾನೆ. ಒಳಗೆ ಕಿಣಿಕಿಣಿ ಇಲ್ಲದಿದ್ದರೆ ಡಬ್ಬ ಪಾಸು.

ಇಂಥವನು ಯುದ್ಧಕ್ಕೆ ಹೊರಟದ್ದು ಮಗಳ ದೆಸೆಯಿಂದ. ಯುದ್ಧವೆಂದರೆ ಕಂಪ್ಯೂಟರಿನಲ್ಲಿ ಆಡುವ ಯುದ್ಧ. ಐದೈದು ಜನರ ಎರಡು ತಂಡ, ತಂಡಕ್ಕೊಂದು ಕೋಟೆ, ಎದುರಿನವರ ಕೋಟೆ ಮೊದಲು ಕೆಡವಿದವರು ಗೆದ್ದರು. ಸತ್ತವರು ಸ್ವಲ್ಪ ಹೊತ್ತಿಗೆ ಮತ್ತೆ ಹುಟ್ಟಿಬರಬಹುದು. ಆ ಮಟ್ಟಿಗೆ ನಮ್ಮ ಬದುಕಿಗಿಂತ ವಾಸಿ. ಮಗಳು ಹಗಲು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ, ಆಟದಲ್ಲಿ ತಂಡದ ಕ್ಯಾಪ್ಟನ್, ಬಿಲ್ಲುಗಾತಿ. ಅವಳ ಬಾಣಕ್ಕೆ ಎಂಥ ಕೋಟೆಯೂ ಉದುರುತ್ತದೆ. ಯಾರಾದರೂ ಹತ್ತಿರ ಬಂದು ಎರಡೇಟು ಹಾಕಿದರೆ ಅವಳೇ ಉದುರುತ್ತಾಳೆ. ಅವಳ ಮುಂದೆ ನಿಲ್ಲುವ ಕಾವಲುಗಾರನ ಜಾಗ ಖಾಲಿಯಾದಾಗ, ಬೇರೆ ಗತಿಯಿಲ್ಲದೆ ಅಪ್ಪನನ್ನು ಕೂರಿಸಿದಳು.

ಅದುವರೆಗೆ ಅಪ್ಪ ಮಗಳ ಮಾತುಕತೆ ‘ಊಟ?’, ‘ಆಯ್ತು’ ಅನ್ನುವಷ್ಟಕ್ಕೆ ಮುಗಿಯುತ್ತಿತ್ತು. ಆಟಕ್ಕೆ ಕೂತಮೇಲೆ ಅಪ್ಪಾ ಎಡಕ್ಕೆ, ಅಪ್ಪಾ ಹಿಂದೆ ನೋಡು, ಅಪ್ಪಾ ನಿನ್ ಕಣ್ಣೆಲ್ಲಿದೆ ಅಂತ ಒಂದೇ ಸಮನೆ ಕರೆಯತೊಡಗಿದಳು. ಅವಳು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಕೇಳಿದಷ್ಟು ‘ಅಪ್ಪಾ’ ಮತ್ತೆ ಅವನ ಕಿವಿಗೆ ಬಿತ್ತು. ಆ ಕುರ್ಚಿ ಬಿಡು ಎಂದರೆ ಅವನು ಗೋದಾಮಿನ ನೌಕರಿಯನ್ನಾದರೂ ಬಿಟ್ಟಾನು.

ಕುತ್ತು ಬಂದದ್ದು ಆ ಕುರ್ಚಿಗೇ. ಪಂದ್ಯಕ್ಕೆ ಹೆಸರು ಕೊಟ್ಟಮೇಲೆ ತಂಡದ ಉಳಿದ ಮೂವರು ಗೊಣಗಿದರು: ನಿಮ್ಮಪ್ಪ ಬಹಳ ಒಳ್ಳೆಯವರು, ಆದರೆ ತೀರಾ ಬೇಗ ಸಾಯುತ್ತಾರೆ. ಸಾಲದ್ದಕ್ಕೆ, ಪಾರ್ಸಲ್ ಹಂಚುವ ಕೊರಿಯರ್‌ನವನೊಬ್ಬ ಕಾವಲಿಗೆ ತಾನು ತಯಾರೆಂದು ಹೇಳಿಕಳಿಸಿದ್ದ. ಮಗಳು ಮುಚ್ಚುಮರೆ ಮಾಡಲಿಲ್ಲ. ಮೊದಲ ಆಟಕ್ಕೆ ನೀನು, ಅದು ಕೆಟ್ಟರೆ ಎರಡನೆಯದಕ್ಕೆ ಅವನು ಅಂದುಬಿಟ್ಟಳು. ಜೋಪಾನನಿಗೆ ಅನ್ನ ಸೇರದಾಯಿತು.

ಅದೇ ವಾರ ಆಟದಲ್ಲಿ ಹೊಸ ಸಾಮಾನು ಬಂತು, ಮುಳ್ಳುಗುರಾಣಿ. ಅದನ್ನು ಹಿಡಿದವನಿಗೆ ಹೊಡೆದರೆ ಏಟಿನಲ್ಲಿ ಅರ್ಧ ಹೊಡೆದವನಿಗೇ ವಾಪಸ್, ಉಳಿದರ್ಧ ಗುರಾಣಿಯೇ ನುಂಗುತ್ತದೆ. ಆದರೆ ಕಾವಲುಗಾರ ಗುರಾಣಿ ಇಲ್ಲವೇ ಕಹಳೆ, ಎರಡರಲ್ಲಿ ಒಂದನ್ನಷ್ಟೇ ಒಯ್ಯಬಹುದು. ಕಹಳೆ ಊದಿದರೆ ಸುತ್ತಲಿನ ವೈರಿಗಳೆಲ್ಲ ಇದ್ದ ಕೆಲಸ ಬಿಟ್ಟು ಊದಿದವನ ಮೇಲೇ ಬೀಳಬೇಕು, ಅದು ಆಟದ ಕಟ್ಟಳೆ. ಕರೆದು ಒದೆ ತಿನ್ನುವ ಈ ಸಾಮಾನನ್ನು ಯಾವ ತಲೆಕೆಟ್ಟವನು ಮಾಡಿದನೋ ಅಂತ ಜೋಪಾನ ಬೈಯುತ್ತಿದ್ದ.

ಸರಿ, ಗುರಾಣಿ ನಂಬಿಕಸ್ತವೋ ಅಲ್ಲವೋ ಪರೀಕ್ಷೆ ಆಗಬೇಕಲ್ಲ. ಆಟದ ಅಭ್ಯಾಸದಂಗಳದಲ್ಲಿ ಅವನು ಗುರಾಣಿ ಹಿಡಿದು ನಿಂತ. ಹೊಡೆಯಲಿಕ್ಕೆ ನನ್ನನ್ನು ಕರೆದ. ನನಗೆ ಗೊತ್ತಿದ್ದದ್ದು ಒಂದೇ ಗುಂಡಿ, ಅದನ್ನೇ ಒತ್ತಿದೆ.

“ಭಾವ, ಕೈ ತಡೀಬೇಡಿ, ಜೋರಾಗೇ ಹೊಡೀರಿ.”

“ನಿಮ್ಮ ಮದುವೆ ದಿನದಿಂದ ಇದಕ್ಕೇ ಕಾಯ್ತಿದ್ದೆ ಕಣಯ್ಯಾ.”

ಅವನು ಆಯುಧ ಬದಲಿಸಿಕೊಟ್ಟ ಹಾಗೆಲ್ಲ ಕೊಡಲಿಯಲ್ಲಿ ಹೊಡೆದೆ, ಈಟಿಯಲ್ಲಿ ತಿವಿದೆ, ಬೆಂಕಿಯುಂಡೆ ಎಸೆದೆ. ಪ್ರತಿಸಲವೂ ಸತ್ತವನು ನಾನೇ. ಒಗೆದ ಬಟ್ಟೆಯ ಬುಟ್ಟಿ ಹೊತ್ತು ಹೋಗುತ್ತಿದ್ದ ತಂಗಿ ಪರದೆಯನ್ನೊಮ್ಮೆ ನೋಡಿ, ಹೊಡೆಯುವವನೂ ನೀನೇ ಸಾಯುವವನೂ ನೀನೇ, ಇದೆಂಥ ಆಟವಣ್ಣ ಅಂದಳು. ಜೋಪಾನನ ಮೈಮೇಲೆ ಗೀರೂ ಇರಲಿಲ್ಲ. ಗುರಾಣಿ ಪಾಸಾಯಿತು.

ಭಾನುವಾರ ಮಧ್ಯಾಹ್ನ ಪಂದ್ಯ; ಮೂರು ಆಟದಲ್ಲಿ ಎರಡು ಗೆದ್ದವರು ಮುಂದಕ್ಕೆ. ಚಪ್ಪಲಿ ಅಂಗಡಿಯ ಮೇಲಿನ ಮಹಡಿ, ಸಾಲಾಗಿ ಕಂಪ್ಯೂಟರು, ಕಾಲಿಗೆ ತೊಡರುವ ವೈರುಗಳು, ಕೆಳಗಿನಿಂದ ಬರುವ ಹೊಸ ರಬ್ಬರಿನ ವಾಸನೆ. ಅಂಗೈ ಒರೆಸಿ ಒರೆಸಿ ಜೋಪಾನನ ಪ್ಯಾಂಟಿನ ತೊಡೆ ತೇವವಾಗಿತ್ತು. ಅವನ ಬೆನ್ನ ಹಿಂದೆ, ಹೆಲ್ಮೆಟ್ ಕೈಯಲ್ಲಿ ಹಿಡಿದ ಕೊರಿಯರ್‌ನವನು, ಬಸ್ಸಿನಲ್ಲಿ ಸೀಟು ಖಾಲಿಯಾಗಲೆಂದು ಕಾಯುವವನಂತೆ ನಿಂತಿದ್ದ.

ಆಟ ಶುರುವಾಯಿತು. ವೈರಿಯೊಬ್ಬ ಬಂದು ಗುರಾಣಿಗೆ ಒಂದೇಟು ಹಾಕಿದ, ಅರ್ಧ ಏಟು ತಾನೇ ತಿಂದ, ಹಿಂದೆ ಸರಿದ. ಅಷ್ಟೇ. ಆಮೇಲೆ ಒಬ್ಬರೂ ಜೋಪಾನನ ತಂಟೆಗೆ ಬರಲಿಲ್ಲ. ಹಸಿ ಬಣ್ಣ ಬಳಿದ ಕಂಬವನ್ನು ಬಳಸಿಕೊಂಡು ಹೋಗುವವರ ಹಾಗೆ ಅವನನ್ನು ಬಳಸಿಕೊಂಡು ಹೋಗಿ, ಹಿಂದಿದ್ದ ಮಗಳನ್ನು ಬಡಿದರು. ಅವಳು ಸತ್ತಳು, ಹುಟ್ಟಿಬಂದಳು, ಮತ್ತೆ ಸತ್ತಳು. ಅವನು ಓಡಿ ಅಡ್ಡ ನಿಂತರೆ ಅವರು ಇನ್ನೊಂದು ಪಕ್ಕದಿಂದ ನುಗ್ಗಿದರು. ನಮ್ಮ ಕೋಟೆ ಬಿದ್ದಾಗ ನಮ್ಮ ಕಡೆ ನೆಟ್ಟಗೆ ನಿಂತಿದ್ದವನು ಅವನೊಬ್ಬನೇ.

“ನಾನು ಒಂದ್ಸಲಾನೂ ಸಾಯ್ಲಿಲ್ಲ,” ಅಂದ ಜೋಪಾನ.

ನನಗೆ ಆಗ ಹೊಳೆಯಿತು. ಎದುರಿಗೆ ಸಿಕ್ಕಿದ್ದನ್ನೇ ಹೊಡೆಯುವ, ಏಟು ತಿರುಗಿ ಬಿದ್ದರೂ ಬುದ್ಧಿ ಬಾರದ ಆಸಾಮಿ ನಾನು. ನನ್ನನ್ನು ಹಿಡಿದು ಗುರಾಣಿ ಪರೀಕ್ಷಿಸಿದರೆ, ಅದು ಫಲಿಸಲು ಎದುರು ತಂಡದಲ್ಲೂ ಐದೂ ಜನ ನನ್ನಂಥವರೇ ಇರಬೇಕಾಗುತ್ತದೆ. ಗೋದಾಮಿನಲ್ಲಿ ಒದೆಯುವ ಕಾಲು, ಡಬ್ಬ ಬಿಟ್ಟು ಪಕ್ಕದಲ್ಲಿರುವ ಹೂದಾನಿಗೆ ಒದ್ದೀತೆಂದು ಯಾರು ಯೋಚಿಸುತ್ತಾರೆ? ಹೊಡೆದವನು ನಾನು, ತಪ್ಪೂ ನನ್ನದೇ ಎಂದು ಮಗಳಿಗೆ ಹೇಳಿದೆ. ಮಾವ, ನೀನು ಸ್ವಲ್ಪ ಸುಮ್ಮನಿರು ಎಂದು ಅವಳು ಕುರ್ಚಿಯನ್ನು ಅಪ್ಪನ ಕಡೆ ತಿರುಗಿಸಿದಳು.

“ಅಪ್ಪಾ, ನೀನು ಹೂದಾನಿ ಅಲ್ಲ. ಡಬ್ಬ. ಡಬ್ಬ ನಜ್ಜುಗುಜ್ಜಾದ್ರೆ ನೀನು ಬೇಜಾರು ಮಾಡ್ಕೋತೀಯಾ?”

“ಒಳಗಿಂದು ಉಳಿದಿದ್ರೆ, ಇಲ್ಲ.”

ಕೊರಿಯರ್‌ನವನು ಮುಂದೆ ಬಂದು ಕುರ್ಚಿಯ ಬೆನ್ನಿಗೆ ಕೈಯಿಟ್ಟ. ಜೋಪಾನ ಏಳಲಿಲ್ಲ.

“ಇನ್ನೊಂದಾಟ ಕೊಡು. ಕಹಳೆ ತಗೋತೀನಿ.”

ಮಗಳು ಉಳಿದ ಮೂವರ ಮುಖ ನೋಡಿದಳು. ಯಾರ ಮುಖದಲ್ಲೂ ಉತ್ಸಾಹವಿರಲಿಲ್ಲ. ಆದರೂ ಸರಿ ಅಂದಳು. ಹೇಳಿದ ತಕ್ಷಣ ಊದಬೇಕು, ಒಂದು ಕ್ಷಣ ಹಿಂದೆ ಮುಂದೆ ನೋಡಿದರೂ ಎದ್ದು ಹೋಗಬೇಕು ಎಂದು ಷರತ್ತು ಹಾಕಿದಳು.

ಎರಡನೆಯ ಆಟದಲ್ಲಿ ವೈರಿಗಳು ಮತ್ತೆ ಅವಳತ್ತ ನುಗ್ಗಿದರು. ಊದು ಅಂದಳು. ಜೋಪಾನನ ಬೆರಳು ಮೊದಲೇ ಗುಂಡಿಯ ಮೇಲಿತ್ತು. ಅವನು ಕಣ್ಣು ಮುಚ್ಚಿ ಒತ್ತಿದ.

ಐದೂ ಜನ ತಿರುಗಿ ಅವನ ಮೇಲೆ ಬಿದ್ದರು. ಕೊಡಲಿ, ಈಟಿ, ಬೆಂಕಿ, ಏನುಂಟು ಏನಿಲ್ಲ. ಜೋಪಾನ ಕುರ್ಚಿಯಲ್ಲೇ ಮೈ ಮುದುಡಿಕೊಂಡು ನಿಜಕ್ಕೂ ನರಳಿದ. ಪಕ್ಕದ ಸಾಲಿನವರು ಆಟ ಬಿಟ್ಟು ಇಣುಕಿದರು. ಅವನು ಸಾಯುವಷ್ಟರಲ್ಲಿ ಹಿಂದಿನಿಂದ ಮಗಳು ಮೂವರನ್ನು ಕೆಡವಿದ್ದಳು. ಹುಟ್ಟಿಬಂದವನೇ ಓಡಿದ, ಊದಿದ, ಸತ್ತ. ಮತ್ತೆ ಓಡಿದ. ಬಡಪಾಯಿ ಅವತ್ತು ಎಷ್ಟು ಸಲ ಸತ್ತನೋ, ವೈರಿಯ ಕೋಟೆ ಬಿದ್ದದ್ದನ್ನು ಮಾತ್ರ ಅವನು ನೋಡಲಿಲ್ಲ. ಆಗಲೂ ಸತ್ತೇ ಇದ್ದ.

ಮೂರನೆಯ ಆಟಕ್ಕೆ ಕುರ್ಚಿಯ ಮಾತನ್ನು ಯಾರೂ ಎತ್ತಲಿಲ್ಲ. ಕೊರಿಯರ್‌ನವನು ಹೆಲ್ಮೆಟ್ ಹಾಕಿಕೊಂಡು ಇಳಿದುಹೋದ. ಆ ಆಟದಲ್ಲಿ ಸೋತರು, ಪಂದ್ಯದಿಂದ ಹೊರಬಿದ್ದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಅವಳು ಅಪ್ಪನ ಪಕ್ಕದಲ್ಲೇ ಕೂತು ದಾರಿಯುದ್ದಕ್ಕೂ ತರಾಟೆಗೆ ತೆಗೆದುಕೊಂಡಳು. ಕೊನೆಯದರಲ್ಲಿ ಬೇಗ ಊದಿದೆ, ಎಡಕ್ಕೆ ಬಾ ಅಂದರೆ ಬಲಕ್ಕೆ ಹೋದೆ. ನಿಂತಿದ್ದ ಪ್ರಯಾಣಿಕರು, ಈ ಮನುಷ್ಯ ಅದೇನು ಘನಂದಾರಿ ಅಪರಾಧ ಮಾಡಿದ್ದಾನೋ ಎಂದು ಬಗ್ಗಿ ನೋಡುತ್ತಿದ್ದರು. ಜೋಪಾನ ಎಲ್ಲದಕ್ಕೂ ತಲೆಯಾಡಿಸಿದ. ಅವಳು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ, ಕಿಟಕಿಯ ಕಡೆ ನೋಡುತ್ತ ಮೆಲ್ಲಗೆ ಕೇಳಿದ:

“ಬುಧವಾರದ ಅಭ್ಯಾಸಕ್ಕೆ... ನಾನೂ ಬರ್ಬೇಕಾ?”

“ಬರ್ದೆ ಮತ್ತೆ? ನಿನ್ ಬದ್ಲು ಯಾರು ಸಾಯ್ತಾರೆ?” ಅಂದ ಮಗಳು, ಎಲ್ಲಿಗೆ ನಿಲ್ಲಿಸಿದ್ದೆ ಅಂತ ಯೋಚಿಸಿ, ಮತ್ತೆ ಮೊದಲಿಂದ ಶುರುಮಾಡಿದಳು.